ಒಂದೇ ಮನೆಯಲ್ಲಿ ಐದು ನಾಯಿ: ಎಲ್ಲರನ್ನೂ ನೋಡಿಕೊಳ್ಳುವುದು ಹೇಗೆ

ಒಂದು ನಾಯಿ ಇದ್ದರೆ ಅದು ಮನೆಯವರ ಜೊತೆ ಹೊಂದಿಕೊಂಡರೆ ಸಾಕು. ಮೂರು ನಾಲ್ಕು ಆದಮೇಲೆ ಅವು ಮೊದಲು ತಮ್ಮ ತಮ್ಮಲ್ಲೇ ಹೊಂದಿಕೊಳ್ಳಬೇಕು, ಆಮೇಲೆ ನಮ್ಮ ಜೊತೆ. "ನಾಲ್ಕಕ್ಕೆ ಹಾಕೋ ಅನ್ನ ಐದಕ್ಕೂ ಆಗುತ್ತೆ ಬಿಡಿ" ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಅನ್ನ ಆಗುತ್ತದೆ, ನಿಜ. ಆದರೆ ಜಾಗ, ಔಷಧಿ, ನಮ್ಮ ಸಮಯ, ನಮ್ಮ ಕಣ್ಣು, ಇವು ಒಂದೊಂದಕ್ಕೂ ಬೇರೆ ಬೇರೆಯೇ ಬೇಕು. ಐದನ್ನೂ ಒಟ್ಟಿಗೆ "ನಾಯಿಗಳು" ಅಂತ ನೋಡಲು ಶುರು ಮಾಡಿದರೆ ಅಲ್ಲಿಂದಲೇ ತಾಪತ್ರಯ ಶುರು.

ನಮ್ಮದು ಸಾಗರದ ಕಡೆ ತೋಟದ ಮನೆ. ಕರಿಯ ಎಲ್ಲರಿಗಿಂತ ಹಿರಿಯ, ನಾಟಿ ನಾಯಿ. ಚುಕ್ಕಿಯೂ ನಾಟಿ. ಬೆಳ್ಳಿ ಮುಧೋಳದವಳು. ರಾಜ ಲ್ಯಾಬ್ರಡಾರ್. ಗುಂಡ ಸಂತೆಪೇಟೆಯಲ್ಲಿ ಸಿಕ್ಕಿದ ಮರಿ, ಈಗ ಎಲ್ಲರಿಗಿಂತ ಜಾಸ್ತಿ ಕೂಗುವವನು. ಇವರ ಜೊತೆ ಬದುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೇಟೆಯಲ್ಲಿ ಇರುವವರಿಗೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಹೊಸಬರು ಬರುವಾಗ

ಹೊಸ ನಾಯಿಯನ್ನು ನೇರ ಮನೆಯೊಳಗೆ ತಂದು ಬಿಡಬೇಡಿ. ಹಳೆಯವರಿಗೆ ಅದು ಅವರ ಮನೆ, ಅವರ ಜಗಲಿ, ಅವರ ಜನ. ಮೊದಲ ಭೇಟಿ ಮನೆಯಿಂದ ದೂರ, ಯಾರದ್ದೂ ಅಲ್ಲದ ಜಾಗದಲ್ಲಿ ಆಗಲಿ. ನಾವು ಕೊಯ್ಲಾದ ಗದ್ದೆ ಬಯಲಿಗೆ ಹೋಗುತ್ತೇವೆ. ಪೇಟೆಯಲ್ಲಾದರೆ ಖಾಲಿ ರಸ್ತೆಯೋ ಮೈದಾನವೋ ಆಗುತ್ತದೆ. ಇಬ್ಬರು ಜನ, ಎರಡು ಬೆಲ್ಟ್. ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಬಾರದು. ಒಂದೇ ದಿಕ್ಕಿಗೆ, ನಡುವೆ ಸಾಕಷ್ಟು ದೂರ ಬಿಟ್ಟು ನಡೆಸಿ, ಇಬ್ಬರೂ ನೆಲ ಮೂಸುತ್ತಾ ಆರಾಮಾಗಿ ಹೆಜ್ಜೆ ಹಾಕಲು ಶುರು ಮಾಡಿದಮೇಲೆ ನಿಧಾನಕ್ಕೆ ದೂರ ಕಡಿಮೆ ಮಾಡುತ್ತಾ ಬನ್ನಿ. ಹಗ್ಗ ಸಡಿಲ ಇರಲಿ. ನೀವು ಹಗ್ಗ ಬಿಗಿ ಹಿಡಿದರೆ ನಿಮ್ಮ ಹೆದರಿಕೆ ಅವಕ್ಕೂ ಗೊತ್ತಾಗುತ್ತದೆ. ಪಕ್ಕದಿಂದ, ಹಿಂದಿನಿಂದ ಮೂಸಿ ನೋಡಿದರೆ ಒಳ್ಳೆಯದು, ಅದು ಅವುಗಳ ಮರ್ಯಾದೆಯ ಪರಿಚಯ. ಎರಡು ಮೂರು ಸೆಕೆಂಡು ಮೂಸಿದ ಕೂಡಲೇ ಹೆಸರು ಕರೆದು ಮುಂದೆ ನಡೆಸಿ.

ಮನೆಯಲ್ಲಿ ಎಷ್ಟು ನಾಯಿ ಇವೆಯೋ ಅಷ್ಟು ಜನರ ಜೊತೆಗೂ ಹೀಗೆ ಒಬ್ಬೊಬ್ಬರಾಗಿ ಪರಿಚಯ ಮಾಡಿಸಬೇಕು. ನಾಲ್ಕು ನಾಯಿ ಒಟ್ಟಿಗೆ ಹೊಸದರ ಮೇಲೆ ಮುಗಿಬಿದ್ದರೆ, ಅವು ಆಟಕ್ಕೇ ಹೋಗಿರಲಿ, ಅದು ಹೆದರಿ ಕಚ್ಚುತ್ತದೆ. ಆಮೇಲೆ ಸರಿ ಮಾಡುವುದು ಬಹಳ ಕಷ್ಟ. ಮನೆಯೊಳಗೆ ಬಂದಮೇಲೂ ಕೆಲವು ವಾರ ಹೊಸಬರಿಗೆ ಬೇರೆ ಕೋಣೆ ಇರಲಿ. ನಡುವೆ ಮರದ ಗೇಟು ಇದ್ದರೆ ಒಬ್ಬರನ್ನೊಬ್ಬರು ನೋಡುತ್ತಾ, ಮೂಸುತ್ತಾ ಅಭ್ಯಾಸ ಆಗುತ್ತಾರೆ.

ಮರಿಯಾದರೆ ಬೇರೆ ಇಡಲು ಇನ್ನೊಂದು ಕಾರಣವೂ ಇದೆ. ಬೀದಿಯಿಂದ ತಂದ ಮರಿಗೆ ಪಾರ್ವೊ ಅನ್ನುವ ವೈರಸ್ ಕಾಯಿಲೆ ಇರಬಹುದು. ನೋಡಲು ಚುರುಕಾಗಿರುತ್ತದೆ, ಕೆಲವು ದಿನ ಬಿಟ್ಟು ವಾಂತಿ, ರಕ್ತ ಭೇದಿ ಶುರುವಾಗುತ್ತದೆ. ಅದಕ್ಕೇ ಎರಡು ವಾರ ಬೇರೆ ತಟ್ಟೆ, ಬೇರೆ ಹಾಸಿಗೆ, ಮುಟ್ಟಿದಮೇಲೆ ಕೈಕಾಲು ತೊಳೆಯುವುದು. ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆ ಆಗದ ಇನ್ನೊಂದು ಮರಿಯನ್ನು ಸುಮಾರು ಒಂದು ವರ್ಷ ತರಬೇಡಿ. ಆ ವೈರಸ್ ನೆಲದಲ್ಲಿ, ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಸರಿಯಾಗಿ ಸಾಯುವುದಿಲ್ಲ. ನೆಲಕ್ಕೆ ಬ್ಲೀಚ್ ನೀರೇ ಬೇಕು, ಅದು ಒಣಗುವವರೆಗೆ ನಾಯಿಗಳನ್ನು ಆ ಕಡೆ ಬಿಡಬಾರದು. ಮಣ್ಣಿನ ಅಂಗಳವನ್ನು ಬ್ಲೀಚಲ್ಲಿ ತೊಳೆಯಲು ಆಗುವುದಿಲ್ಲ, ಹಾಗಾಗಿ ಕಾಯುವುದೇ ದಾರಿ.

ಹಳೆಯವರನ್ನು ಮರೆಯಬೇಡಿ. ಮರಿ ಬಂದ ಮನೆಯಲ್ಲಿ ಎಲ್ಲರ ಕಣ್ಣೂ ಮರಿಯ ಮೇಲೆ. ಗುಂಡ ಬಂದ ಹೊಸತರಲ್ಲಿ ಕರಿಯನಿಗೆ ನಾವು ದಿನಾ ಬೆಳಿಗ್ಗೆ ಒಂಟಿಯಾಗಿ ತೋಟದ ಸುತ್ತ ಒಂದು ಸುತ್ತು ಹಾಕಿಸುತ್ತಿದ್ದೆವು, ಮರಿಯನ್ನು ಬಿಟ್ಟು. ಇವತ್ತಿಗೂ ಆ ಸುತ್ತು ಅವನದ್ದೇ.

ಊಟದ ಹೊತ್ತು

ಬಹಳ ಮನೆಗಳಲ್ಲಿ ಜಗಳ ಹುಟ್ಟುವುದು ತಟ್ಟೆಯ ಹತ್ತಿರ. ದೊಡ್ಡ ಬೋಗುಣಿಯಲ್ಲಿ ಕಲಸಿಟ್ಟು ಎಲ್ಲವನ್ನೂ ಒಟ್ಟಿಗೆ ತಿನ್ನಲು ಬಿಡುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಹಾಗೆ ಮಾಡಿದರೆ ಗಟ್ಟಿಯಾದದ್ದು ಜಾಸ್ತಿ ತಿನ್ನುತ್ತದೆ, ಮೆತ್ತಗಿನದ್ದು ಸೊರಗುತ್ತದೆ. ಯಾರು ಊಟ ಬಿಟ್ಟರು ಅನ್ನುವುದಂತೂ ನಿಮಗೆ ಗೊತ್ತೇ ಆಗುವುದಿಲ್ಲ. ನಾಯಿಗೆ ಹುಷಾರಿಲ್ಲ ಅನ್ನುವುದರ ಮೊದಲ ಸುಳಿವು ಅದೇ.

ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಒಂದೊಂದು ಜಾಗ, ದಿನಾ ಅದೇ ಜಾಗ. ನಮ್ಮಲ್ಲಿ ಕರಿಯ ಜಗಲಿಯ ಈ ತುದಿ, ಚುಕ್ಕಿ ಆ ತುದಿ, ಬೆಳ್ಳಿ ಅಡುಗೆ ಮನೆಯ ಹಿಂಬಾಗಿಲು, ರಾಜ ಬಚ್ಚಲ ಮನೆ ಹತ್ತಿರ, ಗುಂಡ ಕೋಣೆಯೊಳಗೆ ಬಾಗಿಲು ಮುಚ್ಚಿ. ತಿಂದಾದ ತಕ್ಷಣ ತಟ್ಟೆ ಎತ್ತಿಬಿಡುತ್ತೇವೆ. ಖಾಲಿ ತಟ್ಟೆಗೂ ಜಗಳ ಆಗುತ್ತದೆ, ಅದರ ವಾಸನೆಗೂ ಆಗುತ್ತದೆ.

ಚುಕ್ಕಿ ಉಣ್ಣುವಾಗ ಹತ್ತಿರ ಯಾರಾದರೂ ಬಂದರೆ ಅವಳು ಮೊದಲು ಗುರ್ ಅನ್ನುವುದಿಲ್ಲ. ತಲೆ ಎತ್ತುವುದೂ ಇಲ್ಲ. ತಿನ್ನುವ ವೇಗ ಜಾಸ್ತಿಯಾಗುತ್ತದೆ. ಬಾಲ ನಿಂತುಬಿಡುತ್ತದೆ, ಬೆನ್ನು ಸೆಟೆಯುತ್ತದೆ, ಕಣ್ಣಿನ ಬಿಳಿಭಾಗ ಮೂಲೆಯಲ್ಲಿ ಕಾಣುತ್ತದೆ. ಆಮೇಲೆ ತಿನ್ನುವುದನ್ನೇ ನಿಲ್ಲಿಸಿ, ಬಾಯಿ ತಟ್ಟೆಯೊಳಗೇ ಇಟ್ಟು ಅಲ್ಲಾಡದೆ ನಿಲ್ಲುತ್ತಾಳೆ. ಗುರ್ ಅನ್ನುವುದು ಇಷ್ಟೆಲ್ಲಾ ಆದಮೇಲೆ. ಈ ನಡುವೆ ಹತ್ತಿರ ಬಂದವರನ್ನು ಕರೆದು ಆಚೆ ಕಳಿಸಿದರೆ ಜಗಳವೇ ಇಲ್ಲ. ನಿಮ್ಮ ಮನೆಯ ಪ್ರತಿ ನಾಯಿಗೂ ಇಂಥ ಒಂದು ಸಾಲು ಇರುತ್ತದೆ, ಸ್ವಲ್ಪ ದಿನ ಸುಮ್ನೆ ಕೂತು ನೋಡಿ, ಸಿಗುತ್ತದೆ. ಮತ್ತೆ, ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಅದಕ್ಕೆ ಹೊಡೆತ ಬಿದ್ದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ.

ಏನು ಹಾಕಬೇಕು? ಬರೀ ಹಾಲು ಅನ್ನ ಸಾಲದು. ಬೆಳೆದ ನಾಯಿಗಳಲ್ಲಿ ಎಷ್ಟಕ್ಕೋ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ಮೊಸರು, ಮಜ್ಜಿಗೆ ಪರವಾಗಿಲ್ಲ. ಅನ್ನ ಅಥವಾ ರಾಗಿ ಗಂಜಿಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಕುಂಬಳಕಾಯಿ, ಕ್ಯಾರೆಟ್ ಸೇರಿಸಿ. ಉಪ್ಪು, ಖಾರ, ಒಗ್ಗರಣೆ ಬೇಡ. ಮನೆ ಊಟವೊಂದೇ ಹಾಕುವವರು ಕ್ಯಾಲ್ಸಿಯಂ, ವಿಟಮಿನ್ ವಿಷಯ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ, ಮರಿ ಇದ್ದರಂತೂ ಮಾತಾಡಲೇಬೇಕು. ಅಳತೆ ಲೋಟದಲ್ಲಿ ಮಾಡಿ, ಅಂದಾಜಲ್ಲಿ ಬೇಡ. ರಾಜನಿಗೆ ಎಷ್ಟು ಹಾಕಿದರೂ ಇನ್ನೂ ಬೇಕು, ಬೆಳ್ಳಿ ಅರ್ಧಕ್ಕೆ ಎದ್ದು ಹೋಗುತ್ತಾಳೆ. ಬೆಳ್ಳಿಯ ಪಕ್ಕೆಲುಬು ಕಾಣುವುದು ಮುಧೋಳ ತಳಿಗೆ ಸಹಜ. ರಾಜನ ಪಕ್ಕೆಲುಬು ಕೈಗೆ ಸಿಗದಿದ್ದರೆ ಅದು ಬೊಜ್ಜು.

ಹಬ್ಬದ ದಿನ ಎಚ್ಚರ. ಪಾಯಸ, ಕೇಸರಿಬಾತಿನಲ್ಲಿರುವ ಒಣದ್ರಾಕ್ಷಿ ನಾಯಿಗಳ ಕಿಡ್ನಿಗೆ ವಿಷ. ಹಸಿ ದ್ರಾಕ್ಷಿಯೂ ಅಷ್ಟೆ. ಈರುಳ್ಳಿ, ಬೆಳ್ಳುಳ್ಳಿ ರಕ್ತ ಕೆಡಿಸುತ್ತವೆ, ಬೇಯಿಸಿದರೂ. ಚಾಕೊಲೇಟ್ ಕೊಡಲೇಬಾರದು. ಬೇಯಿಸಿದ ಕೋಳಿ ಮೂಳೆ ಚೂರು ಚೂರಾಗಿ ಕರುಳಿಗೆ ಚುಚ್ಚುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ತುತ್ತು ಹಾಕಿದರೂ ನಾಯಿ ಹೊಟ್ಟೆಗೆ ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬಂದ ಕೂಡಲೇ ಹೇಳಿಬಿಡಿ: "ನಾಯಿಗೆ ಏನೂ ಹಾಕಬೇಡಿ, ಅವರದ್ದು ಬೇರೆ ಮಾಡಿಟ್ಟಿದ್ದೇವೆ." ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಜ್ವರ ಬಂತೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ನುಂಗಿಸುವವರು ಇನ್ನೂ ಇದ್ದಾರೆ. ಮನುಷ್ಯರ ಮಾತ್ರೆ ಯಾವುದನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಜಗಳ ಆದರೆ

ಎಷ್ಟೇ ಎಚ್ಚರ ಇದ್ದರೂ ಒಂದಲ್ಲ ಒಂದು ದಿನ ಆಗುತ್ತದೆ. ಕುತ್ತಿಗೆ ಪಟ್ಟಿ ಹಿಡಿಯಲು ಕೈ ಹಾಕಬೇಡಿ. ಆ ಹೊತ್ತಿನಲ್ಲಿ ಅವಕ್ಕೆ ಯಾರ ಕೈ ಅಂತ ತಿಳಿಯುವುದಿಲ್ಲ. ಕಿರುಚುವುದರಿಂದ ಜೋರೇ ಆಗುತ್ತದೆ. ಬಕೆಟ್ ನೀರು ಮುಖಕ್ಕೆ ಎರಚಿ, ಸ್ಟೀಲ್ ತಟ್ಟೆ ನೆಲಕ್ಕೆ ಬಡಿಯಿರಿ, ದಪ್ಪ ಕಂಬಳಿ ಮೇಲೆ ಎಸೆಯಿರಿ. ಇಬ್ಬರು ಜನ ಇದ್ದರೆ, ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ಎರಡನ್ನೂ ತೊಡೆಯ ಹತ್ತಿರ ಹಿಡಿದು ಎತ್ತಿ ಹಿಂದಕ್ಕೆ ಎಳೆಯಬಹುದು. ಆದರೆ ಕಚ್ಚಿ ಹಿಡಿದಿದ್ದರೆ ಎಳೆಯಬೇಡಿ, ಮಾಂಸ ಹರಿಯುತ್ತದೆ, ಬಿಡುವವರೆಗೆ ಕಾಯಿರಿ.

ಬಿಡಿಸಿದಮೇಲೆ ತಕ್ಷಣ "ರಾಜಿ" ಮಾಡಿಸಲು ಹೋಗಬೇಡಿ. ಬೇರೆ ಬೇರೆ ಕೋಣೆ. ಮೈ ಪೂರ್ತಿ ತಡವಿ ನೋಡಿ, ಕೂದಲ ಒಳಗಿನ ಹಲ್ಲಿನ ತೂತು ಹೊರಗೆ ಸಣ್ಣಗೆ ಕಂಡರೂ ಒಳಗೆ ಕೀವು ಕಟ್ಟುತ್ತದೆ. ಆಮೇಲೆ ಕೆಲವು ದಿನ ಬಿಟ್ಟು ಮತ್ತೆ ಬಯಲಿನ ನಡಿಗೆಯಿಂದಲೇ ಶುರು, ಹೊಸಬರಿಗೆ ಮಾಡಿದ ಹಾಗೆ.

ನಿಮಗೇ ಹಲ್ಲು ತಾಗಿದರೆ, ನಮ್ಮ ನಾಯಿ, ಲಸಿಕೆ ಆಗಿದೆ ಅಂತ ಸುಮ್ಮನಿರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದು ಎಷ್ಟು ಬೇಕು ಅಂತ ಅವರು ಹೇಳುತ್ತಾರೆ.

ಇನ್ನೊಂದು ಮಾತು. ಒಂದೇ ಮನೆಯಲ್ಲಿ ಎರಡು ಹೆಣ್ಣು ನಾಯಿಗಳ ನಡುವೆ ಹಗೆ ಬೆಳೆದರೆ ಅದು ಗಂಡು ನಾಯಿಗಳ ಜಗಳಕ್ಕಿಂತ ಗಟ್ಟಿ, ಸುಲಭಕ್ಕೆ ಹೋಗುವುದಿಲ್ಲ. ಬೆದೆ ಬಂದಾಗ ಇನ್ನೂ ಜೋರು. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಸುಮಾರು ಮೂರು ವಾರ ಬೆದೆಯಲ್ಲಿ ಇರುತ್ತದೆ. ಆ ಹೊತ್ತಿಗೆ ಮನೆಯ ಗಂಡು ನಾಯಿಗಳು ಊಟ ಬಿಡುತ್ತವೆ, ಊರ ನಾಯಿಗಳೆಲ್ಲಾ ಬೇಲಿ ಹತ್ತಿರ ಬಂದು ಕೂರುತ್ತವೆ. ಸುಮಾರು 63 ದಿನಕ್ಕೆ ಮರಿಗಳು. ಅಷ್ಟೂ ಮರಿಗಳಿಗೆ ಒಳ್ಳೆ ಮನೆ ಹುಡುಕುವುದು ಆಗದ ಮಾತು, ಹೆಣ್ಣು ಮರಿಗಳನ್ನಂತೂ ಯಾರೂ ಕೇಳುವುದಿಲ್ಲ, ಕೊನೆಗೆ ಅವು ಯಾವುದೋ ರಸ್ತೆ ಬದಿಯಲ್ಲಿ ಇರುತ್ತವೆ. ಆಪರೇಷನ್ ಮಾಡಿಸಿ. ಗಂಡು ಹೆಣ್ಣು ಇಬ್ಬರಿಗೂ. ಹೆಣ್ಣಿಗೆ ವಯಸ್ಸಾದಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಬರುವ ಕಾಯಿಲೆ ತಪ್ಪುತ್ತದೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಉಣ್ಣಿ, ಇಂಬಳ, ಮಳೆ

ಮಲೆನಾಡಿನಲ್ಲಿ ನಾಯಿ ಸಾಕುವವರ ದೊಡ್ಡ ಕೆಲಸ ಇದು. ಉಣ್ಣಿ ಒಬ್ಬರ ಮೈಮೇಲೆ ಕಂಡರೆ ಎಲ್ಲರಿಗೂ ಇದೆ ಅಂತಲೇ ತಿಳಿಯಿರಿ. ಮನೆ ನಾಯಿಗಳಿಗೆ ಹತ್ತುವ ಕಂದು ಉಣ್ಣಿ ತನ್ನ ಬದುಕಲ್ಲಿ ಮೂರು ಸಲ ನಾಯಿ ಹತ್ತಿ ರಕ್ತ ಕುಡಿದು ಇಳಿಯುತ್ತದೆ, ಉಳಿದ ಹೊತ್ತೆಲ್ಲಾ ಗೋಡೆ ಬಿರುಕು, ಜಗಲಿ ಸಂದು, ಗೋಣಿಚೀಲದ ಮಡಿಕೆಯಲ್ಲಿ ಇರುತ್ತದೆ. ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ. ಅಂದರೆ ನಾಯಿಯ ಮೈ ಸ್ವಚ್ಛ ಮಾಡಿದರೆ ಅರ್ಧ ಕೆಲಸವೂ ಮುಗಿಯಲಿಲ್ಲ.

ಹೀಗೆ ಮಾಡಿ. ಐದಕ್ಕೂ ಒಂದೇ ದಿನ ಔಷಧಿ. ಬೆನ್ನಿಗೆ ಹಾಕುವ ಹನಿಯೋ, ನುಂಗಿಸುವ ಮಾತ್ರೆಯೋ ಡಾಕ್ಟರು ಹೇಳಿದ್ದು, ಒಬ್ಬೊಬ್ಬರ ತೂಕಕ್ಕೆ ತಕ್ಕಂತೆ. ದೊಡ್ಡ ನಾಯಿಯ ಔಷಧಿಯನ್ನು ಸಣ್ಣವರಿಗೆ ಹಂಚಬೇಡಿ, ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಔಷಧಿ ಅದಕ್ಕೆ ಹಾಕಲೇಬೇಡಿ, ಕೆಲವು ಬೆಕ್ಕಿಗೆ ಪ್ರಾಣಕ್ಕೇ ಬರುತ್ತವೆ. ಅದೇ ದಿನ ಹಾಸಿಗೆ, ಗೋಣಿ ಎಲ್ಲಾ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗೋಡೆ ಸಂದುಗಳಿಗೆ ಸಿಮೆಂಟು ಮೆತ್ತಿ. ಸಂಜೆ ಹೊತ್ತು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಿವಿಯ ಒಳಗೆ, ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ, ಬಾಲದ ಬುಡ ನೋಡಿ. ಸಿಕ್ಕಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಸೋಪು ನೀರಿಗೋ ಸ್ಪಿರಿಟಿಗೋ ಹಾಕಿ. ಶಿವಮೊಗ್ಗ ಜಿಲ್ಲೆಯ ನಮಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದೂ ಕಾಡಿನ ಉಣ್ಣಿಯಿಂದಲೇ. ಮಂಗ ಸತ್ತ ಸುದ್ದಿ ಬಂದ ಕಡೆಗೆ ನಾಯಿಗಳನ್ನು ಕರೆದುಕೊಂಡು ಹೋಗಬೇಡಿ, ಉಣ್ಣಿ ಅವುಗಳ ಮೈಯಲ್ಲಿ ಕೂತು ಮನೆಗೆ ಬರಬಹುದು.

ನಾಯಿಗೆ ಬರುವ ಉಣ್ಣಿ ಜ್ವರ ಬೇರೆ. ಊಟ ಬಿಡುವುದು, ಜ್ವರ, ವಸಡು ಬಿಳಿಚುವುದು, ಮೂಗಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ. ಇದರಲ್ಲಿ ಒಂದು ಕಂಡರೂ ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ವಾಸಿಯಾಗುತ್ತದೆ, ತಡ ಮಾಡಿದರೆ ಕಷ್ಟ. ಪ್ರತಿ ನಾಯಿಯ ವಸಡು ಆರೋಗ್ಯವಾಗಿದ್ದಾಗ ಯಾವ ಬಣ್ಣ ಅಂತ ಈಗಲೇ ನೋಡಿಟ್ಟುಕೊಳ್ಳಿ. ಕರಿಯನ ವಸಡು ಹುಟ್ಟಿದಾಗಿನಿಂದ ಕಪ್ಪು, ಅವನಿಗೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಬೇಕು.

ಮೂಗಲ್ಲಿ ರಕ್ತ ಬಂದರೆ ಮಲೆನಾಡಲ್ಲಿ ಇನ್ನೊಂದು ಅನುಮಾನವೂ ಇರಲಿ. ಹಳ್ಳದ ನೀರು ಕುಡಿಯುವಾಗ ಇಂಬಳ, ಅಂದರೆ ಜಿಗಣೆ, ಮೂಗಿನೊಳಗೆ ಹೋಗಿ ಕೂರುತ್ತದೆ. ಒಂದೇ ಹೊಳ್ಳೆಯಲ್ಲಿ ರಕ್ತ ತೊಟ್ಟಿಕ್ಕುವುದು, ಪದೇ ಪದೇ ಸೀನುವುದು, ಕಾಲಲ್ಲಿ ಮೂಗು ಉಜ್ಜುವುದು ಇದರ ಗುರುತು. ಸ್ವಲ್ಪ ಹೊತ್ತು ನೀರು ಕೊಡದೆ ಇಟ್ಟು, ಆಮೇಲೆ ತಣ್ಣೀರಿನ ಬಟ್ಟಲು ಮೂಗಿನ ಹತ್ತಿರ ಹಿಡಿದರೆ ಇಂಬಳ ನೀರಿಗೆಂದು ಹೊರಗೆ ಚಾಚುತ್ತದೆ. ಆಗ ಒರಟು ಬಟ್ಟೆಯಲ್ಲೋ ಚಿಮಟದಲ್ಲೋ ಹಿಡಿದು ಎಳೆಯಬಹುದು. ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಮೂಗಿಗೆ ಉಪ್ಪು, ಹೊಗೆಸೊಪ್ಪು ತುರುಕಬೇಡಿ.

ಮಳೆಗಾಲದಲ್ಲಿ ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ವರ್ಷದ ಲಸಿಕೆಯಲ್ಲಿ ಅದೂ ಸೇರಿದೆಯಾ ಅಂತ ಕೇಳಿ ಹಾಕಿಸಿ. ಒದ್ದೆ ನಾಯಿಗಳು ಒದ್ದೆಯಾಗೇ ಮಲಗಲು ಬಿಡಬೇಡಿ. ಬಚ್ಚಲೊಲೆಯ ಬೆಚ್ಚಗೆ ಹಳೆ ಪಂಚೆಯಲ್ಲಿ ಒಬ್ಬೊಬ್ಬರನ್ನೂ ಒರೆಸುವುದು ನಮ್ಮ ಸಂಜೆಯ ಕೆಲಸ. ರಾಜನ ಜೋಲು ಕಿವಿಯ ಒಳಗೆ ತೇವ ನಿಂತರೆ ಕಿವಿ ಸೋರುತ್ತದೆ. ಬೆಳ್ಳಿಗೆ ಕೂದಲೂ ಇಲ್ಲ, ಕೊಬ್ಬೂ ಇಲ್ಲ, ಬಾಗಲಕೋಟೆ ಕಡೆಯ ಒಣ ಹವೆಯ ತಳಿ ಅವಳದು, ಜುಲೈ ಚಳಿಗೆ ನಡುಗುತ್ತಾಳೆ. ಅವಳಿಗೆ ಹಳೆ ಸ್ವೆಟರ್ ಕತ್ತರಿಸಿ ಹಾಕುತ್ತೇವೆ. ಮುಧೋಳ ತರಬೇಕೆಂದಿರುವವರಿಗೆ ಒಂದು ಮಾತು: ಓಡುವ ಯಾವುದನ್ನು ಕಂಡರೂ ಅಟ್ಟುವುದು ಅದರ ರಕ್ತದಲ್ಲೇ ಇದೆ. ಕೋಳಿ, ಬೆಕ್ಕು, ಸಣ್ಣ ಮರಿ ಇರುವ ಮನೆಯಲ್ಲಿ ಬೆಲ್ಟ್ ಇಲ್ಲದೆ ಬಿಡುವ ಹಾಗಿಲ್ಲ, ದಿನಾ ಓಡಲು ಜಾಗವೂ ಬೇಕು. 2005ರಲ್ಲಿ ಅಂಚೆಚೀಟಿಯಲ್ಲಿ ಬಂದ ಹೆಸರುವಾಸಿ ನಾಯಿ ಅಂತ ಎರಡು ಕೋಣೆಯ ಮನೆಗೆ ತಂದು ಕಟ್ಟಿಹಾಕುವುದು ಪಾಪ.

ಲಸಿಕೆ ಪಟ್ಟಿ ನೆನಪಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಇರಲಿ, ತೂಕ, ಲಸಿಕೆ, ಜಂತುಹುಳದ ಔಷಧಿ ಎಲ್ಲಾ ತಾರೀಖು ಹಾಕಿ ಬರೆಯಿರಿ. ಜಂತುಹುಳದ್ದು ದೊಡ್ಡವರಿಗೆ ಮೂರು ತಿಂಗಳಿಗೊಮ್ಮೆ, ಎಲ್ಲರಿಗೂ ಒಂದೇ ದಿನ. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ ಶುರು, ಆಮೇಲೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಐದು ನಾಯಿ ಇರುವ ಮನೆಗೆ ಅದು ಸಣ್ಣ ದುಡ್ಡಲ್ಲ.

ತೋಟ, ರಾತ್ರಿ, ಪಟಾಕಿ

ಬಸವನಹುಳಕ್ಕೆ ಹಾಕುವ ಗುಳಿಗೆ ನಾಯಿಗೆ ರುಚಿ, ತಿಂದರೆ ಸ್ವಲ್ಪ ಹೊತ್ತಲ್ಲೇ ನಡುಕ, ಫಿಟ್ಸ್. ಇಲಿ ಪಾಷಾಣದಲ್ಲಿ ಕೆಲವು ಹಾಗಲ್ಲ, ಕೆಲವು ದಿನ ಬಿಟ್ಟು ಒಳಗೇ ರಕ್ತಸ್ರಾವ ಶುರುವಾಗುತ್ತದೆ. ತಿಂದಿದ್ದು ಗೊತ್ತಾದ ತಕ್ಷಣ, ನಾಯಿ ಚೆನ್ನಾಗೇ ಕಂಡರೂ, ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಿ. ಪಕ್ಕದ ತೋಟದವರಿಗೂ ಹೇಳಿಟ್ಟಿರಿ, ಹಾಕುವ ದಿನ ಒಂದು ಮಾತು ತಿಳಿಸಿದರೆ ನಾಯಿಗಳನ್ನು ಒಳಗೆ ಇಟ್ಟುಕೊಳ್ಳಬಹುದು. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ, ಎತ್ತಿಕೊಂಡು ಹೋಗಿ. ಮೊದಲು ಫೋನ್ ಮಾಡಿ ಔಷಧಿ ಇದೆಯಾ ಕೇಳಿಕೊಂಡು ಹೊರಡಿ.

ರಾತ್ರಿ ನಾಯಿಯನ್ನು ಜಗಲಿಯಲ್ಲಿ ಸರಪಳಿ ಹಾಕಿ ಕಟ್ಟಬೇಡಿ. ಚಿರತೆ ಜಗಲಿಗೇ ಬರುತ್ತದೆ, ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಒಳಗೆ, ಹೆಸರು ಕರೆದು ಒಬ್ಬೊಬ್ಬರನ್ನೂ ಎಣಿಸಿ ಬಾಗಿಲು ಹಾಕಿ. ಮಲಗುವ ಜಾಗವೂ ಒಬ್ಬೊಬ್ಬರಿಗೆ ಬೇರೆ. ವಯಸ್ಸಾದವರಿಗೆ ನುಣುಪು ಟೈಲ್ಸ್ ಮೇಲೆ ಏಳಲು ಕಾಲು ಜಾರುತ್ತದೆ, ಓಡಾಡುವ ದಾರಿಗೆ ಚಾಪೆ ಹಾಸಿ, ಉಗುರು ಉದ್ದ ಬಿಡಬೇಡಿ.

ದೀಪಾವಳಿ ಪಟಾಕಿಗೆ ಒಬ್ಬರು ಹೆದರಿದರೆ ಐದೂ ಹೆದರುತ್ತವೆ. ನಡುಮನೆಯ ಕಿಟಕಿ ಮುಚ್ಚಿ, ಫ್ಯಾನು, ಟಿವಿ ಹಾಕಿ ಜೊತೆಗೆ ಕೂರಿ. ಹೆದರಿ ಹತ್ತಿರ ಬಂದವರನ್ನು ತಬ್ಬಿಕೊಳ್ಳಿ, ಅದರಿಂದ ಹೆದರಿಕೆ ಹೆಚ್ಚಾಗುವುದಿಲ್ಲ. ಸಂಜೆ ಮೊದಲೇ ವಾಕಿಂಗ್ ಮುಗಿಸಿ, ಕುತ್ತಿಗೆ ಪಟ್ಟಿಗೆ ಫೋನ್ ನಂಬರ್ ಬರೆದ ಬಿಲ್ಲೆ ಹಾಕಿರಿ.

ಪೇಟೆಯಲ್ಲಿ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ: ನಿವಾಸಿಗಳ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಆದರೆ ಎಷ್ಟು ನಾಯಿ, ಲೈಸೆನ್ಸ್ ಬೇಕಾ ಅನ್ನುವುದನ್ನು ನಿಮ್ಮ ಪಾಲಿಕೆಯಲ್ಲಿ ಕೇಳಿಕೊಳ್ಳಿ. ಲಿಫ್ಟಿನಲ್ಲಿ ಒಂದು ಸಲಕ್ಕೆ ಇಬ್ಬರನ್ನಷ್ಟೇ ಕರೆದುಕೊಂಡು ಹೋಗಿ, ಹೇಲನ್ನು ನೀವೇ ಎತ್ತಿ. ಬೇಸಿಗೆಯಲ್ಲಿ ರಸ್ತೆಗೆ ಇಳಿಸುವ ಮೊದಲು ಅಂಗೈ ಹಿಂಭಾಗ ಡಾಂಬರಿಗೆ ಇಟ್ಟು ನೋಡಿ. ನಿಮಗೆ ಐದು ಸೆಕೆಂಡು ತಡೆಯಲು ಆಗದಿದ್ದರೆ ಅವುಗಳ ಪಾದಕ್ಕೂ ಆಗುವುದಿಲ್ಲ.

ನೀವು ಊರಿಗೆ ಹೋಗಬೇಕಾದಾಗ

ಮದುವೆ, ಮುಂಜಿ, ಆಸ್ಪತ್ರೆ, ಏನಾದರೂ ಬಂದೇ ಬರುತ್ತದೆ. ಐದು ನಾಯಿಗಳನ್ನು ನೋಡಿಕೊಳ್ಳಲು ಒಪ್ಪುವವರು ಒಂದೇ ದಿನದಲ್ಲಿ ಸಿಗುವುದಿಲ್ಲ. ನಿಮ್ಮ ನಾಯಿಗಳಿಗೆ ಪರಿಚಯ ಇರುವ ಒಬ್ಬರನ್ನು ಮೊದಲೇ ಹುಡುಕಿಟ್ಟುಕೊಳ್ಳಿ, ಆಗಾಗ ಕರೆದು ಅವರ ಕೈಯಲ್ಲೇ ಊಟ ಹಾಕಿಸಿ. ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕ ನಮ್ಮವರಿಗೆಲ್ಲಾ ಗೊತ್ತು, ಗುಂಡನಂತೂ ಅವರ ದನಿ ಕೇಳಿದರೆ ಬೇಲಿ ಹತ್ತಿರ ಓಡುತ್ತಾನೆ.

ಹೊರಡುವ ಮೊದಲು ಒಂದು ಚೀಟಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ನಮ್ಮ ಚೀಟಿಯಲ್ಲಿ ಇರುವುದು ಇಷ್ಟು: ಯಾರಿಗೆ ಎಷ್ಟು ಲೋಟ, ಎಲ್ಲಿ ತಟ್ಟೆ ಇಡಬೇಕು. ಕರಿಯನ ಮಂಡಿ ನೋವಿನ ಮಾತ್ರೆ ಊಟ ಆದಮೇಲೆ, ಬೇರೆ ಯಾರಿಗೂ ಕೊಡಬಾರದು. ಚುಕ್ಕಿ ಮತ್ತು ಬೆಳ್ಳಿಯನ್ನು ನಾವಿಲ್ಲದಾಗ ಒಂದೇ ಕೋಣೆಯಲ್ಲಿ ಬಿಡಬಾರದು. ಗೇಟು ತೆಗೆಯುವ ಮೊದಲು ಬೆಳ್ಳಿಗೆ ಬೆಲ್ಟ್. ಕತ್ತಲಾಗುವ ಮುಂಚೆ ಐದು ಜನ ಒಳಗೆ. ಪಶು ಆಸ್ಪತ್ರೆಯ ನಂಬರ್, ಆಟೋದವರ ನಂಬರ್, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವ ದಾರಿ. ಖರ್ಚಿಗೆ ದುಡ್ಡು ಯಾವ ಡಬ್ಬಿಯಲ್ಲಿದೆ. ಮತ್ತೆ ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ: ಯಾರಾದರೂ ಒಂದು ಹೊತ್ತು ಊಟ ಬಿಟ್ಟರೂ ನಮಗೆ ಫೋನ್ ಮಾಡಿ, ರಾತ್ರಿ ಆಗಿದ್ದರೂ ಮಾಡಿ.